ಎಡ್ಮಂಡ್ ಹಡಗಿನ ಹೊಳೆಯುವ ಬಾಗಿಲು

ನಮ್ಮ ಪೋರ್ಟ್‌ಸೀ ಚರ್ಚಿನ ಎಡಗೋಡೆಯಲ್ಲಿ ಒಂದು ಹಿತ್ತಾಳೆ ಫಲಕವಿದೆ. 'ಕಿಂಗ್ ಎಡ್ಮಂಡ್ ಯುದ್ಧನೌಕೆಯ ಸೇವಾಚರಿತ್ರೆ' ಎಂದು ಮೇಲೆ ದಪ್ಪಕ್ಷರದಲ್ಲಿ ಕೆತ್ತಿದ್ದಾರೆ. ಅವಳು ನೀರಿಗಿಳಿದದ್ದು, ಮಾಲ್ಟಾದಲ್ಲಿ ಇದ್ದದ್ದು, ದೊರೆಯ ಮುಂದೆ ಸಾಲಿನಲ್ಲಿ ನಿಂತದ್ದು, ಯುದ್ಧದಲ್ಲಿ ಮುಳುಗಿದ್ದು ಎಲ್ಲ ಇದೆ. ಕೊನೆಯ ಸಾಲು ಇರಬೇಕಾದ ಕಡೆ ಮಾತ್ರ ಅಕ್ಷರಗಳಿಲ್ಲ, ಗೋಡೆಗೇರಿಸುವ ಮುಂಚೆ ಪಾದ್ರಿಗಳೇ ಅರ ಹಾಕಿಸಿ ಉಜ್ಜಿ ತೆಗೆಸಿದ ಗುರುತಿದೆ. ಹೊರಗಿನವರು ಬಂದಾಗ ಅಲ್ಲಿ ಏನಿತ್ತು ಎಂದು ಕೇಳುತ್ತಾರೆ. ಕೆತ್ತುವವನು ತಪ್ಪು ಮಾಡಿದ್ದ ಎಂದು ಪಾದ್ರಿಗಳು ಮಾತು ಹಾರಿಸುತ್ತಾರೆ. ಕೆತ್ತುವವನ ತಪ್ಪಂತೆ! ಸತ್ತವನ ತಲೆಯ ಮೇಲೆ ಗೂಬೆ ಕೂರಿಸಿದ್ದಾಯಿತು, ಈಗ ಪಾಪ ಕೆತ್ತುವವನ ಸರದಿ. ಅಲ್ಲಿ ಏನಿತ್ತು, ಅದು ಹೇಗೆ ಹೋಯಿತು ಎಂದು ನಾನು ಹೇಳುತ್ತೇನೆ. ನಾನು ಲೋಟಿ ಟ್ರಿಗ್. ಅಳಿಸಿಹೋದ ಆ ಸಾಲು ನನ್ನ ತಮ್ಮ ರೂಬೆನ್‌ನನ್ನು ಕುರಿತದ್ದು.

ಎಡ್ಮಂಡ್ ಹಡಗು ಕಟ್ಟುವ ನಮ್ಮ ಡಾಕ್‌ಯಾರ್ಡಿನಲ್ಲೇ ಹುಟ್ಟಿದವಳು. ರಾಜರ ಹೆಸರಿಟ್ಟು 'ಅವಳು' ಎನ್ನುತ್ತೇವೆ, ಅದಕ್ಕೆ ನಮ್ಮಲ್ಲಿ ಯಾರೂ ನಗುವುದಿಲ್ಲ. ಅವಳ ಪಕ್ಕೆಗೆ ಮೊಳೆ ಹೊಡೆದವರು ನಮ್ಮ ಬೀದಿಯವರು, ಅವಳೊಳಗೆ ಕಲ್ಲಿದ್ದಲು ಎಸೆದವರು ನಮ್ಮ ಬೀದಿಯವರು, ಅವಳ ಜೊತೆ ಮುಳುಗಿದವರೂ ನಮ್ಮ ಬೀದಿಯವರೇ. ನೀರಿಗಿಳಿಸುವ ದಿನ ಶಾಸ್ತ್ರಕ್ಕೆಂದು ಯಾರೋ ದೊಡ್ಡ ಮನೆಯ ಹೆಂಗಸು ಬಂದು ಅವಳ ಮೂತಿಗೆ ದ್ರಾಕ್ಷಾರಸದ ಬಾಟಲಿ ಒಡೆದಳು. ಆ ಹೆಂಗಸಿನ ಹೆಸರು ಫಲಕದಲ್ಲಿದೆ. ಮೊಳೆ ಹೊಡೆದವರ ಹೆಸರಿಲ್ಲ.

ರೂಬೆನ್ ಸ್ಟೋಕರ್ ಆಗಿ ಸೇರಿದ. ಹಡಗಿನ ಹೊಟ್ಟೆಯಲ್ಲಿ ನಿಂತು ಬಾಯ್ಲರಿಗೆ ಕಲ್ಲಿದ್ದಲು ಎಸೆಯುವ ಕೆಲಸ. ಅದು ಕಷ್ಟದ ಕೆಲಸ, ಆದರೆ ನನ್ನ ತಮ್ಮ ಅದಕ್ಕೆ ಎಂದೂ ಗೊಣಗಲಿಲ್ಲ. ಅವನು ಗೊಣಗಿದ್ದು ಉಜ್ಜುವ ಕೆಲಸಕ್ಕೆ. ಮಾಲ್ಟಾದಲ್ಲಿ ಹಡಗುಗಳು ಒಂದರ ಪಕ್ಕ ಒಂದು ನಿಂತರೆ ಯಾವುದು ಹೆಚ್ಚು ಹೊಳೆಯುತ್ತದೆ ಎನ್ನುವುದೇ ಪಂದ್ಯ. ಹೊಳೆಯುವ ಹಡಗಿನ ಕಮಾಂಡರಿಗೆ ಬಡ್ತಿ. ಕಮಾಂಡರ್ ಎಂದರೆ ಕ್ಯಾಪ್ಟನ್ನನ ಕೈಕೆಳಗಿನವರು, ಹಡಗಿನ ಮನೆವಾರ್ತೆಯೆಲ್ಲ ಅವರದು. ಎಡ್ಮಂಡಿಗೆ ಸಿಕ್ಕಿದವರು ಟೆಂಪಲ್‌ಟನ್. ತೋಪು ಹಾರಿಸಿದರೆ ಹೊಗೆಗೆ ಬಣ್ಣ ಕೆಡುತ್ತದೆ ಎಂದು ಗುರಿ ಕಲಿಯುವ ಗುಂಡುಗಳನ್ನು ಹಾರಿಸದೆ ಕಡಲಿಗೆ ಎಸೆಸಿದ ಮಹಾನುಭಾವರು! ಬಿಳಿ ಕೈಗವಸು ಹಾಕಿಕೊಂಡು ಹಡಗಿಡೀ ಸವರುತ್ತಿದ್ದರು. ಕೈಗವಸಿಗೆ ಕಪ್ಪು ಹತ್ತಿತೋ, ಆ ಕೋಣೆಯವರಿಗೆ ದಡಕ್ಕಿಳಿಯುವ ರಜೆ ಇಲ್ಲ.

ಬಣ್ಣ ಬಳಿದದ್ದಾಯಿತು, ಹಿತ್ತಾಳೆ ಉಜ್ಜಿದ್ದಾಯಿತು, ಇನ್ನೇನು ಉಜ್ಜುವುದು? ಆಗ ಟೆಂಪಲ್‌ಟನ್ನರ ಕಣ್ಣು ಬಾಗಿಲುಗಳ ಮೇಲೆ ಬಿತ್ತು. ಹಡಗಿನ ಕೆಳಗೆ ಕೋಣೆಗೂ ಕೋಣೆಗೂ ನಡುವೆ ಕಬ್ಬಿಣದ ಬಾಗಿಲುಗಳಿರುತ್ತವೆ. ಒಂದು ಕೋಣೆಗೆ ನೀರು ನುಗ್ಗಿದರೆ ಬಾಗಿಲು ಬಿಗಿದು ಪಕ್ಕದ ಕೋಣೆ ಉಳಿಸಿಕೊಳ್ಳಲಿಕ್ಕೆ. ಬಿಗಿಯಲು ಸುತ್ತಲೂ ಆರು ಚಿಲಕ, ಸಂದಿಯಲ್ಲಿ ನೀರು ನುಸುಳದಂತೆ ಚೌಕಟ್ಟಿಗೆ ರಬ್ಬರ್ ಪಟ್ಟಿ. ಒರಟು ಬಾಗಿಲು, ಬಣ್ಣ ಬಳಿದ ಬಾಗಿಲು, ಅಂದಕ್ಕಲ್ಲ ಅದು ಇರುವುದು. ಅವುಗಳನ್ನು ಕೀಲಿನಿಂದ ಕಳಚಿ, ಬಣ್ಣ ಕೆರೆದು, ಅರ ಹಾಕಿ, ಇಟ್ಟಿಗೆ ಪುಡಿ ಹಾಕಿ, ಉಪ್ಪುಕಾಗದ ಹಾಕಿ ಬೆಳ್ಳಿಯ ಹಾಗೆ ಹೊಳೆಸಬೇಕೆಂದು ಅಪ್ಪಣೆಯಾಯಿತು. ಬಾಗಿಲ ಮೈ, ಬಾಗಿಲ ಅಂಚು, ಚೌಕಟ್ಟಿನ ತುಟಿ ಎಲ್ಲ. ವಾರ ವಾರ. ವರ್ಷ ವರ್ಷ.

ನಮ್ಮವರು ಬೈದುಕೊಂಡೇ ಉಜ್ಜಿದರು. ಆಮೇಲೆ, ಇದನ್ನೂ ಹೇಳಲೇಬೇಕು, ಹೆಮ್ಮೆಪಟ್ಟರು. ರೂಬೆನ್ ಮೊದಲ ಸಲ ಊರಿಗೆ ಬಂದಾಗ ಅವನ ಬೆರಳ ತುದಿಯ ಗೆರೆಗಳೇ ಸವೆದುಹೋಗಿದ್ದವು. ಅಮ್ಮ ಅವನ ಕೈ ಹಿಡಿದು ನೋಡಿ ಮುಖ ಸಿಂಡರಿಸಿದಳು.

"ಇದೇನೋ ಇದು? ಹಡಗಲ್ಲಿ ಕೆಲಸ ಮಾಡ್ತೀಯೋ, ಪಾತ್ರೆ ತಿಕ್ತೀಯೋ?"

"ಅಮ್ಮಾ, ನಮ್ಮ ಬಾಗಿಲು ನೋಡಬೇಕು ನೀನು. ಅದ್ರಲ್ಲಿ ಮುಖ ನೋಡ್ಕೊಂಡು ಗಡ್ಡ ಕೆರ್ಕೋಬಹುದು. ನಾನು ಕೆರ್ಕೊಂಡಿದೀನಿ ಕಣಮ್ಮಾ."

"ಥೂ, ನಿಂಗೆ ಗಡ್ಡ ಎಲ್ಲಿದೆ!" ಎಂದು ನಾನು ಅಂದೆ. ಎಲ್ಲರೂ ನಕ್ಕೆವು. ನಮ್ಮ ಬೀದಿಯ ಹೆಂಗಸರು ಬೇರೆ ಹಡಗಿನವರ ಹೆಂಡತಿಯರ ಮುಂದೆ ಎಡ್ಮಂಡಿನ ಬಾಗಿಲುಗಳನ್ನು ಹೊಗಳಿಕೊಂಡು ಓಡಾಡುತ್ತಿದ್ದೆವು. ನಾನು ಕೆಲಸ ಮಾಡುವ, ಹೆಂಗಸರ ಸೊಂಟ ಬಿಗಿಯುವ ಕಾರ್ಸೆಟ್ ಹೊಲಿಯುವ ಕಾರ್ಖಾನೆಯಲ್ಲಂತೂ ಆ ಮಾತಿಗೆ ಹೊಲಿಗೆ ನಿಲ್ಲಿಸಿ ಜಗಳವಾಡಿದ್ದುಂಟು.

ಟೆಂಪಲ್‌ಟನ್ನರಿಗೆ ಬಡ್ತಿ ಸಿಕ್ಕಿತು. ಆ ಹೊತ್ತಿಗೆ ಎಡ್ಮಂಡ್ ರಿಪೇರಿಗೆ ನಮ್ಮ ಡಾಕ್‌ಯಾರ್ಡಿಗೆ ಬಂದಿದ್ದಳು. ಹೊಸ ಕೊಳವೆ ಎಳೆಯಲಿಕ್ಕೆ ಒಂದು ಗೋಡೆಯನ್ನೇ ಕತ್ತರಿಸಿ ತೆಗೆದರು. ಅದರಲ್ಲಿದ್ದ ಬಾಗಿಲನ್ನು ಚೌಕಟ್ಟಿನ ಸಮೇತ, ಕೊನೆಯ ಸಲ ಉಜ್ಜಿ ಹೊಳೆಸಿ, ಹಡಗಿನವರು ಹೊರಟುನಿಂತ ಕಮಾಂಡರಿಗೆ ಉಡುಗೊರೆ ಕೊಟ್ಟರು. ಅವರು ಅದನ್ನು ಅಡ್ಡ ಮಲಗಿಸಿ, ಓಕ್ ಮರದ ನಾಲ್ಕು ಕಾಲು ಹಾಕಿಸಿ, ತಮ್ಮ ಮನೆಯಲ್ಲಿ ಮೇಜು ಮಾಡಿಕೊಂಡರು. ಉಳಿದ ಬಾಗಿಲುಗಳು ಹಡಗಿನಲ್ಲೇ ಉಳಿದವು.

ಯುದ್ಧ ಶುರುವಾದ ಮೇಲೆ ರೂಬೆನ್ ಒಂದೇ ಸಲ ಮನೆಗೆ ಬಂದ. ಅಷ್ಟರಲ್ಲಿ ಅವನಿಗೆ ಆಡಾ ಜೊತೆ ಮದುವೆಯಾಗಿತ್ತು, ಬಾಯ್ಲರ್ ಕೋಣೆಯ ಹಿರಿಯನೂ ಆಗಿದ್ದ. ಅಡುಗೆಮನೆಯಲ್ಲಿ ಕೂತು ಬ್ರೆಡ್ಡಿಗೆ ಕೊಬ್ಬು ಸವರಿಕೊಳ್ಳುತ್ತಿದ್ದವನು ಚಾಕು ಕೆಳಗಿಟ್ಟ.

"ಲೋಟಿ, ಒಂದ್ಮಾತು. ಆ ಬಾಗ್ಲು ಹಾಕಿ, ಆರೂ ಚಿಲಕ ಬಿಗಿದ್ರೂ ಅಂಚಲ್ಲಿ ಆಚೆ ಕೋಣೆ ಲಾಂದ್ರದ ಬೆಳಕು ಕಾಣ್ತದೆ."

"ಹಾಗಂದ್ರೆ?"

"ಹಾಗಂದ್ರೆ ಇನ್ನೇನು, ಸವೆಸಿಬಿಟ್ಟಿದೀವಿ. ರಬ್ಬರಿಗೆ ಬಾಗ್ಲು ಮುಟ್ಟೋದೇ ಇಲ್ಲ."

"ಮೇಲಿನೋರಿಗೆ ಹೇಳಿದ್ಯೇನೋ?"

"ಹೇಳ್ದೆ. ಮೇಣ ಮೆತ್ತಿ ಮೇಲೆ ಬಣ್ಣ ಬಳೀರಿ ಅಂದ್ರು. ಯುದ್ಧ ಮುಗೀಲಿ, ಆಮೇಲೆ ನೋಡೋಣ ಅಂದ್ರು." ಅವನು ಬೆರಳ ತುದಿಗಳನ್ನು ಒಂದಕ್ಕೊಂದು ತಿಕ್ಕಿದ. "ಅರ ಹಾಕಿದ್ದು ನಾನೇ ಅಲ್ವೇನೆ."

ಮರುವರ್ಷದ ಜನವರಿಯಲ್ಲಿ ಎಡ್ಮಂಡಿಗೆ ಕಡಲಲ್ಲಿ ಹುದುಗಿಸಿಟ್ಟಿದ್ದ ಮೈನ್ ಬಡಿದು ಸಿಡಿಯಿತು. ಮುಂದಿನ ಬಾಯ್ಲರ್ ಕೋಣೆ ಒಡೆಯಿತು. ಅಷ್ಟಕ್ಕೇ ಅವಳು ಮುಳುಗಬೇಕಾಗಿರಲಿಲ್ಲ. ನೀರು ಎರಡನೇ ಕೋಣೆಗೆ ಬಂತು, ಮೂರನೆಯದಕ್ಕೆ ಬಂತು, ಹಡಗು ಮಗುಚಿತು. ಎರಡನೇ ಕೋಣೆಯಲ್ಲಿ ರೂಬೆನ್ ಇದ್ದ.

ಆ ಕೋಣೆಯಿಂದ ಬದುಕಿ ಬಂದವನು ಜೆಮ್ ಪಾಡಕ್ ಒಬ್ಬನೇ. ಅವನು ನಮ್ಮ ಮನೆಗೇ ಬಂದು ಅಮ್ಮನ ಕಾಲ ಬುಡದಲ್ಲಿ ಕೂತು ಹೇಳಿದ. "ಅಮ್ಮಾ, ನಿಮ್ಮ ಮಗ ಬಾಗ್ಲು ಹಾಕ್ದ. ನನ್ನ ಕಣ್ಣಾರೆ ನೋಡಿದೀನಿ. ಸುತ್ತಿಗೆ ತಗೊಂಡು ಒಂದೊಂದು ಚಿಲಕಾನೂ ಬಡಿದು ಬಿಗಿದ. ಆದ್ರೂ ನೀರು ನಾಲ್ಕೂ ಕಡೆಯಿಂದ ಹಾಳೆ ಥರ ಬಂತು. ಮೈಮೇಲಿನ ಅಂಗಿ ಬಿಚ್ಚಿ ಸಂದಿಗೆ ತುರುಕ್ತಿದ್ದ. ನನ್ನ ಏಣಿ ಹತ್ತಿಸ್ದ. ನೀನೂ ಬಾರೋ ಅಂದ್ರೆ, ಇದು ನಾನು ಮಾಡಿದ್ದು ಕಣೋ, ನೀನು ಹೋಗು ಅಂದ."

ಇದನ್ನೇ ಜೆಮ್ ನೌಕಾಪಡೆಯ ವಿಚಾರಣೆಯಲ್ಲೂ ಹೇಳಿದ. ನೀರಿಗೆ ಬಿದ್ದು ಬೆದರಿದವನಿಗೆ ಏನು ನೆನಪಿರುತ್ತದೆ ಎಂದು ಅವನನ್ನು ಕಳಿಸಿದರು. ಅವರ ತರ್ಕ ಕೇಳಿ. ಬಾಗಿಲು ಹಾಕಿದ್ದರೆ ನೀರು ಬರುತ್ತಿರಲಿಲ್ಲ. ನೀರು ಬಂತು. ಆದ್ದರಿಂದ ಬಾಗಿಲು ಹಾಕಿರಲಿಲ್ಲ! ಮಗುವಿಗೆ ಲೆಕ್ಕ ಹೇಳಿಕೊಟ್ಟಷ್ಟು ಸಲೀಸಾಗಿ ನನ್ನ ತಮ್ಮನನ್ನು ಕೊಲೆಗಾರ ಮಾಡಿ ಕೈತೊಳೆದುಕೊಂಡರು. ಎರಡನೇ ಬಾಯ್ಲರ್ ಕೋಣೆಯ ಬಾಗಿಲು ತೆರೆದಿದ್ದೇ ಕಾರಣ ಎಂದು ಪತ್ರಿಕೆಯಲ್ಲಿ ಬಂತು. ಹೆಸರು ಹಾಕಿರಲಿಲ್ಲ. ಪೋರ್ಟ್‌ಸೀಯಲ್ಲಿ ಹೆಸರು ಯಾಕೆ ಬೇಕು? ಯಾವ ಬಾಗಿಲು ಯಾರ ಕೈಯಲ್ಲಿತ್ತು ಎಂದು ಎಲ್ಲರಿಗೂ ಗೊತ್ತು.

ಅಲ್ಲಿಂದ ಆಡಾಳ ಬದುಕು ನರಕವಾಯಿತು. ಅವಳು ಬ್ರೆಡ್ ಅಂಗಡಿಗೆ ಹೋದರೆ ಹಿಂದಿನಿಂದ ಒಂದು ದನಿ, "ಬಾಗ್ಲು ಹಾಕ್ಕೊಂಡು ಹೋಗಮ್ಮಾ." ಚರ್ಚಿನಿಂದ ಹೊರಟರೆ, "ಆಡಾ, ಬಾಗ್ಲು!" ಹೇಳುತ್ತಿದ್ದವರು ಕೆಟ್ಟವರಲ್ಲ, ಗಂಡ ಮಕ್ಕಳನ್ನು ಎಡ್ಮಂಡಿನ ಜೊತೆ ಕಳೆದುಕೊಂಡವರು. ಯಾರ ಮೇಲಾದರೂ ಸಿಟ್ಟು ಮಾಡಬೇಕಲ್ಲ, ಕೈಗೆ ಸಿಕ್ಕವಳು ಆಡಾ. ಅದು ಅರ್ಥವಾಗುತ್ತದೆ. ಆದರೂ ನಾನು ಅವರನ್ನು ಕ್ಷಮಿಸಿಲ್ಲ. ಆಡಾ ಯಾವ ಬಾಗಿಲನ್ನು ದಾಟಿದರೂ ಹಿಂತಿರುಗಿ ನಿಂತು, ಎರಡೂ ಕೈಯಲ್ಲಿ ಒತ್ತಿ, ಚಿಲಕ ಬಿದ್ದಿತೇ ಎಂದು ಎಳೆದು ನೋಡಿ ಹೋಗುವ ಅಭ್ಯಾಸ ಮಾಡಿಕೊಂಡಳು.

ಯುದ್ಧ ಮುಗಿದ ಮೇಲೆ ಚರ್ಚಿನಲ್ಲಿ ಎಡ್ಮಂಡಿನ ಫಲಕ ಹಾಕುವುದೆಂದಾಯಿತು. ಚರಿತ್ರೆ ಬರೆದುಕೊಟ್ಟವರು ಯಾರು? ಅಷ್ಟರಲ್ಲಿ ಅಡ್ಮಿರಲ್ ಆಗಿ ನಿವೃತ್ತರಾಗಿದ್ದ ಅದೇ ಟೆಂಪಲ್‌ಟನ್. ಕೊನೆಯ ಸಾಲು ಹೀಗಿತ್ತು: 'ಬಾಗಿಲೊಂದನ್ನು ತೆರೆದು ಬಿಟ್ಟ ಕಾರಣ ಮುಳುಗಿತು.' ನಾನು ಪಾದ್ರಿಗಳ ಮನೆಗೆ ಹೋದೆ.

"ಫಾದರ್, ಆ ಸಾಲು ತೆಗೆಸಿ."

"ಮಿಸ್ ಟ್ರಿಗ್, ಅದರಲ್ಲಿ ನಿಮ್ಮ ತಮ್ಮನ ಹೆಸರೇ ಇಲ್ಲವಲ್ಲಮ್ಮ."

"ನಮ್ಮಮ್ಮ ಪ್ರತಿ ಭಾನುವಾರ ಅದರ ಎದುರಿಗೆ ಕೂತ್ಕೋಬೇಕು. ಆಡಾ ಕೂತ್ಕೋಬೇಕು. ನಾವು ಸತ್ತ ಮೇಲೂ ಅದು ಗೋಡೆ ಮೇಲೆ ಇರತ್ತೆ. ಅವನು ಬಾಗ್ಲು ಹಾಕಿದ್ದ ಫಾದರ್."

"ವಿಚಾರಣೆ ಆಗಿ ತೀರ್ಮಾನ ಆಗಿದೆ. ಅಡ್ಮಿರಲ್ ಸಾಹೇಬರು ಬರೆದಿದ್ದನ್ನ ನಾನು ಹೇಗೆ ತಿದ್ದಲಿ, ಹೇಳಿ?" ಎಂದು ಅವರು ನನಗೆ ಚಹಾ ಕೊಟ್ಟರು. ನಾನು ಕುಡಿಯದೆ ಎದ್ದು ಬಂದೆ.

ನವೆಂಬರಿನ ಒಂದು ಮಧ್ಯಾಹ್ನ ಸಮಾರಂಭ. ಫಲಕವನ್ನು ಇನ್ನೂ ಗೋಡೆಗೆ ಹಾಕಿರಲಿಲ್ಲ, ಚರ್ಚಿನ ಪಕ್ಕದ ಸಭಾಂಗಣದಲ್ಲಿ ಬಾವುಟ ಹೊದಿಸಿ ನಿಲ್ಲಿಸಿದ್ದರು. ಬೀದಿಗೆ ಬೀದಿಯೇ ಬಂದಿತ್ತು. ಹೆಂಗಸರೆಲ್ಲ ಕಪ್ಪು ಬಟ್ಟೆಯಲ್ಲಿ. ಅಮ್ಮನಿಗೆ ಮೈ ಹುಷಾರಿರಲಿಲ್ಲ. ಆಡಾ ಬರುವುದಿಲ್ಲ ಎಂದಿದ್ದಳು, ನಾನೇ ಬಲವಂತವಾಗಿ ಕರೆದುಕೊಂಡು ಹೋದೆ. ಬಾಗಿಲಲ್ಲಿ ಅವಳು ಎಂದಿನಂತೆ ಹಿಂತಿರುಗಿ, ಒತ್ತಿ, ಎಳೆದು ನೋಡಿದಳು. ಹಿಂದಿನ ಸಾಲಿನಲ್ಲಿ ಯಾರೋ ಮೂಗಿನಲ್ಲೇ ನಕ್ಕರು.

ವೇದಿಕೆಯ ಮುಂದೆ ಆ ಮೇಜು ಇತ್ತು. ಅಡ್ಮಿರಲ್ಲರು ಸಭೆಗೋಸ್ಕರ ತಮ್ಮ ಮನೆಯಿಂದ ತರಿಸಿದ್ದರು. ಮೇಲೆ ದೊಡ್ಡ ಹೂದಾನಿಯಲ್ಲಿ ಸೇವಂತಿಗೆ. ಬಾಗಿಲು ಬೆಳ್ಳಿಯ ತಟ್ಟೆಯ ಹಾಗೆ ಹೊಳೆಯುತ್ತಿತ್ತು, ಸುತ್ತ ಚೌಕಟ್ಟಿನ ತುಟಿ ಬೆರಳಗಲ ಮೇಲೆದ್ದು ನಿಂತಿತ್ತು, ಆರೂ ಚಿಲಕ ಬಿಗಿದಿದ್ದವು. ಅದನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ಇದಕ್ಕೂ ಅರ ಹಾಕಿದವನು ರೂಬೆನ್. ಅವನ ಬೆರಳ ಗೆರೆಗಳೆಲ್ಲ ಇದರಲ್ಲೇ ಹೋಗಿವೆ ಅನ್ನಿಸಿತು.

ಟೆಂಪಲ್‌ಟನ್ ಎದ್ದು ನಿಂತರು. ಮುದುಕರಾಗಿದ್ದರು, ಆದರೆ ದನಿ ಖಡಕ್ಕಾಗಿತ್ತು. ಎಡ್ಮಂಡ್ ಎಂಥ ಸುಂದರಿ, ಮಾಲ್ಟಾದಲ್ಲಿ ಬೇರೆ ಹಡಗಿನವರು ಹೇಗೆ ಹೊಟ್ಟೆಕಿಚ್ಚು ಪಡುತ್ತಿದ್ದರು, ದೊರೆ ಏನೆಂದು ಮೆಚ್ಚಿಕೊಂಡರು, ಎಲ್ಲ ಬಂತು. ಸತ್ತವರ ಮಾತಿಗಿಂತ ಬಣ್ಣದ ಮಾತೇ ಹೆಚ್ಚು. ಆಮೇಲೆ ಮೇಜಿನ ಮೇಲೆ ಕೈಯಿಟ್ಟರು.

"ಇದು ಅವಳಿಂದ ಉಳಿದಿರುವ ಒಂದೇ ತುಣುಕು. ಹಡಗಿನಲ್ಲಿ ಹೇಗಿತ್ತೋ ಹಾಗೇ ಇಟ್ಟುಕೊಂಡಿದ್ದೇನೆ. ಈ ವಸಂತದಲ್ಲಿ ಡಾಕ್‌ಯಾರ್ಡಿನಿಂದ ಹೊಸ ರಬ್ಬರ್ ತರಿಸಿ ಹಾಕಿಸಿದೆ. ಚಿಲಕಗಳು ಇವತ್ತಿಗೂ ಸಲೀಸಾಗಿ ತಿರುಗುತ್ತವೆ. ಇಂದೇ ಸಮುದ್ರಕ್ಕೆ ಕಳಿಸಬಹುದು." ತಲೆ ತಗ್ಗಿಸಿದರು. "ಇಂಥದ್ದೇ ಒಂದು ಬಾಗಿಲನ್ನು ಆ ದಿನ ಹಾಕಿದ್ದರೆ, ನಿಮ್ಮವರು ಇವತ್ತು ನಿಮ್ಮ ಪಕ್ಕದಲ್ಲಿ ಕೂತಿರುತ್ತಿದ್ದರು."

ಸಭೆಯ ತಲೆಗಳೆಲ್ಲ ಆಡಾಳ ಕಡೆಗೆ ತಿರುಗಿದವು. ಆಡಾ ಕೈಚೀಲವನ್ನು ಎದೆಗೆ ಒತ್ತಿಕೊಂಡು ನೆಲ ನೋಡುತ್ತಿದ್ದಳು.

ನಾನು ಯೋಚನೆ ಮಾಡಿ ಏನೂ ಮಾಡಲಿಲ್ಲ. ಮೈಯೆಲ್ಲ ಉರಿದುಹೋಗಿತ್ತು. ಎದ್ದೆ, ನೇರ ಮುಂದೆ ಹೋದೆ. ಪಾದ್ರಿಗಳು "ಮಿಸ್ ಟ್ರಿಗ್, ಮಿಸ್ ಟ್ರಿಗ್" ಎನ್ನುತ್ತಿದ್ದರು. ಹೂದಾನಿಯಿಂದ ಸೇವಂತಿಗೆಯನ್ನು ಕಿತ್ತು ಕುರ್ಚಿಯ ಮೇಲೆ ಎಸೆದೆ.

"ಏನಮ್ಮಾ ಇದು, ಯಾರು ನೀನು?" ಎಂದರು ಅಡ್ಮಿರಲ್.

"ಇದಕ್ಕೆ ಅರ ಹಾಕಿದೋನ ಅಕ್ಕ ಸರ್. ಆರೂ ಚಿಲಕ ಬಿಗಿದಿದೆ ತಾನೇ?"

"ಬಿಗಿದಿದೆ. ಆದರೆ..."

"ರಬ್ಬರ್ ಹೊಸದು ತಾನೇ?"

"ಹೊಸದೇ. ಏನು ಮಾಡ್ತಾ ಇದ್ದೀಯ ನೀನು?"

ಹೂದಾನಿಯನ್ನು ಮೇಜಿನ ಮೇಲೆ ಬೋರಲು ಹಾಕಿದೆ. ನೀರು ಹೊಳೆಯುವ ಬಾಗಿಲ ಮೇಲೆ ಹರಡಿ ಚೌಕಟ್ಟಿನ ತುಟಿಯವರೆಗೆ ಹೋಗಿ ನಿಂತಿತು. ಒಂದು ಕ್ಷಣ ಅದು ಅಲ್ಲೇ ನಿಲ್ಲುತ್ತದೆ ಅನ್ನಿಸಿತು. ನಿಂತುಬಿಟ್ಟರೆ? ನಿಂತುಬಿಟ್ಟರೆ ರೂಬೆನ್ ಕತೆ ಮುಗಿದಂತೆ, ನಾನೇ ಎಲ್ಲರೆದುರು ಅವನನ್ನು ಇನ್ನೊಮ್ಮೆ ಮುಳುಗಿಸಿದಂತೆ.

ಆಗ ಮೇಜಿನ ಕೆಳಗೆ ಟಪ್ ಎಂದಿತು. ಇನ್ನೊಂದು ಟಪ್. ಆಮೇಲೆ ಬಾಗಿಲ ಅಂಚಿನುದ್ದಕ್ಕೂ, ನಾಲ್ಕೂ ಕಡೆಯಿಂದ, ನೀರು ಗೆರೆ ಎಳೆದಂತೆ ಸುರಿಯತೊಡಗಿತು. ಹಲಗೆಯ ನೆಲದ ಮೇಲೆ ಹರಿದು ಅಡ್ಮಿರಲ್ಲರ ಬೂಟಿನ ಕೆಳಗೆ ಹೋಯಿತು. ಮೇಲೆ ಬಾಗಿಲಲ್ಲಿ ನೀರೇ ಉಳಿಯಲಿಲ್ಲ.

ಜೆಮ್ ಪಾಡಕ್ ಯಾವಾಗ ಎದ್ದು ಬಂದನೋ ನನಗೆ ಗೊತ್ತಿಲ್ಲ. ಟೋಪಿಯನ್ನು ಕೈಯಲ್ಲಿ ಹಿಡಿದು, ಮೇಜಿನ ಪಕ್ಕ ಮಂಡಿಯೂರಿ ಕೆಳಗೆ ನೋಡಿದ.

"ಹೀಗೇ ಬಂತು," ಎಂದ. "ನಾನು ಹೇಳಿದ್ನಲ್ಲ ಸರ್. ಹೀಗೇ ಬಂತು. ಬಾಗ್ಲು ಹಾಕಿತ್ತು."

ನಾನು ಸಭೆಯ ಕಡೆ ತಿರುಗಿದೆ. ನನ್ನ ಬಾಯಿಂದ ಮಾತು ಬೆಂಕಿಯ ಹಾಗೆ ಬಂತು. "ನೋಡ್ಕೊಳ್ರಿ! ಕಣ್ತುಂಬ ನೋಡ್ಕೊಳ್ರಿ! ಇದನ್ನೇ ಅಲ್ವಾ ನಾವು ಬೀದಿ ತುಂಬ ಹೊಗಳ್ಕೊಂಡು ತಿರುಗಿದ್ದು? ಹೊಳೀಲಿ ಅಂತ ನಿಮ್ಮ ಗಂಡಂದಿರು, ನನ್ನ ತಮ್ಮ, ಎಲ್ಲಾ ಸೇರಿ ಉಜ್ಜಿ ಉಜ್ಜಿ ಸವೆಸಿದ್ರು. ಉಜ್ಜಿಸಿದೋರಿಗೆ ಬಡ್ತಿ ಬಂತು. ಉಜ್ಜಿದೋರು ಒಳಗೆ ಸತ್ರು. ಇಷ್ಟು ವರ್ಷ ನೀವು ಯಾರಿಗೆ ಬಾಗ್ಲು ಹಾಕ್ಕೊಂಡು ಹೋಗು ಅಂತ ಅಂದ್ರಿ? ಯಾರಿಗೆ?"

ಬ್ರೆಡ್ ಅಂಗಡಿಯ ಹೆಂಗಸು ಮುಖ ಮುಚ್ಚಿಕೊಂಡಿದ್ದಳು. ನನಗೆ ಬೇಕಾಗಿದ್ದದ್ದು ಟೆಂಪಲ್‌ಟನ್ನರ ಒಂದು ಮಾತು. ತಪ್ಪಾಯಿತು ಎನ್ನಲಿ, ಇಲ್ಲ ಸುಳ್ಳು ಎನ್ನಲಿ, ಬೈಯಲಿ, ಏನಾದರೂ ಅನ್ನಲಿ. ಅವರು ಒದ್ದೆ ಬಾಗಿಲನ್ನೇ ನೋಡುತ್ತ ನಿಂತಿದ್ದರು. ಅವರಿಗೂ ಆ ಹೊತ್ತಿನಲ್ಲೇ ಗೊತ್ತಾಯಿತು ಎಂದು ನಾನು ಈಗಲೂ ನಂಬಿದ್ದೇನೆ. ಗೊತ್ತಾಗಿ ಏನು ಮಾಡಿದರು? ಜೇಬಿನಿಂದ ಬಿಳಿ ಕರವಸ್ತ್ರ ತೆಗೆದರು. ಬಗ್ಗಿ, ಬಾಗಿಲ ಮೇಲಿನ ನೀರಿನ ಕಲೆಯನ್ನು ನಿಧಾನವಾಗಿ ಒರೆಸತೊಡಗಿದರು. ನೀರು ಕೂತರೆ ತುಕ್ಕು ಹಿಡಿಯುತ್ತದಲ್ಲ! ಒರೆಸಿ, ಬಾಯಿಂದ ಹಬೆ ಊದಿ, ಮತ್ತೆ ಒರೆಸಿದರು.

ನನ್ನ ಕೈಯಲ್ಲಿ ಹೂದಾನಿ ಇನ್ನೂ ಇತ್ತು. ಅದನ್ನು ಎತ್ತಿ ಅವರ ತಲೆಗೆ ಹಾಕುತ್ತಿದ್ದೆನೋ ಏನೋ. ಅಷ್ಟರಲ್ಲಿ ಆಡಾ ಎದ್ದು ಬಂದು ನನ್ನ ಪಕ್ಕ ನಿಂತಳು. ಅಲ್ಲಿಯವರೆಗೆ ನಾಲ್ಕು ಜನರೆದುರು ಅವಳು ಮಾತಾಡಿದ್ದನ್ನು ಕೇಳಿದವರೇ ಇರಲಿಲ್ಲ.

"ಬಿಡಿ ಸರ್," ಎಂದಳು. "ಅದನ್ನ ನನ್ನ ಗಂಡ ಸಾಕಷ್ಟು ಉಜ್ಜಿದಾರೆ."

ಮುದುಕನ ಕೈ ಅಲ್ಲೇ ನಿಂತಿತು.

ಆಡಾ ಕೈಚೀಲ ತೋಳಿಗೆ ಸಿಕ್ಕಿಸಿಕೊಂಡು ಸಾಲುಗಳ ನಡುವೆ ನಡೆದಳು. ನಾನು ಹಿಂದೆಯೇ ಹೋದೆ. ಅವಳು ಸಭಾಂಗಣದ ಬಾಗಿಲನ್ನು ಪೂರ್ತಿ ತೆರೆದು ಹೊರಗೆ ಕಾಲಿಟ್ಟಳು, ಹಿಂತಿರುಗಲಿಲ್ಲ. ಸಮುದ್ರದ ಕಡೆಯಿಂದ ಬಂದ ಕೊರೆಯುವ ಗಾಳಿ ಒಳಗೆ ನುಗ್ಗಿ, ಫಲಕಕ್ಕೆ ಹೊದಿಸಿದ್ದ ಬಾವುಟವನ್ನು ಪಟಪಟ ಬಡಿಯಿತು. ಮುದುಕಿಯರು ಶಾಲು ಬಿಗಿದುಕೊಂಡರು. ಬಾಗಿಲು ಹಾಗೇ ತೆರೆದಿತ್ತು. ಹಾಕಿಕೊಂಡು ಹೋಗು ಎಂದು ಒಬ್ಬರೂ ಹೇಳಲಿಲ್ಲ.